ಪೊರೆ ಬಿಡುವ ಕವಾಟ

ಕೆಂಬಾರೆದೊಡ್ಡಿಯ ಹೊಂಬಾಳಮ್ಮನ ಎದೆಯ ಸದ್ದು ದಿನಕ್ಕೆ ನಾಲ್ಕು ಸಲ ನಿಂತುಹೋಗುತ್ತಿತ್ತು. ಮೊದಲ ಸಲ ಹಾಗಾದಾಗ ಆಸ್ಪತ್ರೆಯ ಕಿವಿಕೋಣೆಯಲ್ಲಿದ್ದ ನಾಗವೇಣಿ ಕುರ್ಚಿಯಿಂದ ಎದ್ದೇಬಿಟ್ಟಿದ್ದಳು. ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಆಂಬುಲೆನ್ಸಿಗೆ ಹೇಳಬೇಕು ಎನ್ನುವಷ್ಟರಲ್ಲಿ ಸದ್ದು ಏನೂ ಆಗಿಲ್ಲವೆಂಬಂತೆ ಮರಳಿ ಬಂತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಹೊಂಬಾಳಮ್ಮ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಲು ಹುಳುಮನೆಗೆ ಹೋಗಿದ್ದಳು. ಹೋಗುವ ಮುಂಚೆ, ಎದೆಯ ಸದ್ದು ಕಳಿಸಲೆಂದು ಕೊರಳಿಗೆ ಕಟ್ಟಿದ್ದ ಯಂತ್ರವನ್ನು ಬಿಚ್ಚಿ ಬಾಗಿಲಾಚೆಯ ಮೊಳೆಗೆ ನೇತುಹಾಕಿದ್ದಳು.

ಹುಳುಮನೆಗೆ ಹೊರಗಿನದು ಏನೂ ಹೋಗಕೂಡದು. ಬೀದಿಯಲ್ಲಿ ಉಟ್ಟ ಸೀರೆ, ಮುಡಿದ ಹೂವು, ಫೋನು, ನೆಂಟರ ಕಾಲು, ಯಾವುದೂ ಕೂಡದು. ಹೊಸ್ತಿಲಲ್ಲಿರುವ ಸುಣ್ಣದ ನೀರಿನ ತೊಟ್ಟಿಯಲ್ಲಿ ಪಾದ ಅದ್ದಿ, ಕೈ ತೊಳೆದು, ಒಳಗಿನದೇ ಬೇರೆ ಸೀರೆ ಸುತ್ತಿಕೊಂಡು ಹೋಗಬೇಕು. ಅತ್ತೆಯ ಕಾಲದಿಂದ ನಡೆದುಬಂದ ರೀತಿ ಅದು. ಆಸ್ಪತ್ರೆಯವರು ಕೊಟ್ಟದ್ದೆಂದು ಆ ಯಂತ್ರಕ್ಕೆ ವಿನಾಯಿತಿ ಕೊಡಲು ಹೊಂಬಾಳಮ್ಮ ಒಪ್ಪಲಿಲ್ಲ. ನಾಗವೇಣಿಯೂ ಸುಮ್ಮನಾದಳು. ಸದ್ದು ನಿಂತರೆ ಹುಳು ಮೇಯುತ್ತಿವೆ, ಮತ್ತೆ ಬಂದರೆ ಹೊಂಬಾಳಮ್ಮ ಈಚೆ ಬಂದಳು ಎಂದು ಲೆಕ್ಕ ಹಿಡಿಯುವುದನ್ನು ಕಲಿತಳು.

ಕಿವಿಕೋಣೆ ಎಂದು ಹೆಸರಿಟ್ಟವರು ಅಲ್ಲಿ ಕೆಲಸ ಮಾಡುವವರೇ. ಹೃದಯದ ಆಸ್ಪತ್ರೆಯ ಮೇಲಂತಸ್ತಿನಲ್ಲಿ ಉದ್ದನೆಯ ಹಜಾರ. ಅಲ್ಲಿ ಕೂತವರು ಕಿವಿಗೆ ಕೊಳವೆ ಹಾಕಿಕೊಂಡು ಊರೂರುಗಳಲ್ಲಿ ಉಳುತ್ತಿರುವ, ಅಡುಗೆ ಮಾಡುತ್ತಿರುವ, ನಿದ್ದೆಹೋಗಿರುವ ಜನರ ಎದೆಯೊಳಗಿನ ಬಾಗಿಲು ತೆರೆದು ಮುಚ್ಚುವುದನ್ನು ಕೇಳುತ್ತಿದ್ದರು. ಕಂಪ್ಯೂಟರೂ ಕೇಳುತ್ತಿತ್ತು. ಅನುಮಾನ ಬಂದಾಗ ಮಾತ್ರ ಮನುಷ್ಯರ ಕಿವಿಗೆ ದಾಟಿಸುತ್ತಿತ್ತು.

ಹೊಂಬಾಳಮ್ಮನಿಗೆ ಹಾಕಿದ್ದು ರೇಷ್ಮೆಯ ಕವಾಟ. ಚಿಕ್ಕಂದಿನಲ್ಲಿ ಬಂದ ಕೀಲುವಾತದ ಜ್ವರ ಅವಳ ಹೃದಯವನ್ನು ಹಿಡಿದು, ಮೈಗೆ ರಕ್ತ ಹೊರಡುವ ಬಾಗಿಲನ್ನೇ ಗಡುಸು ಮಾಡಿತ್ತು. ನಾಲ್ಕು ಹೆಜ್ಜೆ ನಡೆದರೆ ಉಬ್ಬಸ. ಅದನ್ನು ತೆಗೆದು ರೇಷ್ಮೆಗೂಡಿನ ನೂಲನ್ನು ಕರಗಿಸಿ ಮತ್ತೆ ನೇಯ್ದ ಮೂರು ಎಸಳಿನ ಕವಾಟವನ್ನು ಕೂರಿಸಿದ್ದರು. ಊರಿನಲ್ಲಿ ಇದು ದೊಡ್ಡ ಸುದ್ದಿಯಾಯಿತು. ಹುಳು ಸಾಕೀ ಸಾಕೀ ಕೊನೆಗೆ ಎದೆಯೊಳಗೂ ಒಂದು ಗೂಡು ಕಟ್ಟಿಸಿಕೊಂಡಳು ಎಂದು ಓರಗಿತ್ತಿ ಕೆಂಪಾಜಮ್ಮ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದಳು.

ಆ ಕವಾಟದ ಹೆಚ್ಚುಗಾರಿಕೆ ರೇಷ್ಮೆಯದಷ್ಟೇ ಆಗಿರಲಿಲ್ಲ. ಎದೆ ಸೀಳಿ ಚಿಕಿತ್ಸೆ ಮಾಡಿದ ಸಾವಿರಾರು ಜನರಲ್ಲಿ ಯಾರಿಗೋ ಒಬ್ಬರಿಗೆ ಹೊಸ ಕವಾಟದ ಮೇಲೆ ಬೂಷ್ಟು ಬೆಳೆಯುವುದುಂಟು. ಹಿಂದೆ ಅದು ಬಂದರೆ ಉಳಿದವರು ಕಡಿಮೆ. ರಕ್ತಪರೀಕ್ಷೆಯಲ್ಲಿ ಸುಲಭಕ್ಕೆ ಸಿಕ್ಕದು, ಜ್ವರ ಬರುವ ಹೊತ್ತಿಗೆ ಗೆಡ್ಡೆಯಷ್ಟಾಗಿ ಕೂತಿರುತ್ತದೆ, ಒಂದು ಚೂರು ಕಿತ್ತುಕೊಂಡು ಮೆದುಳಿಗೆ ಹೋದರೆ ಮುಗಿಯಿತು. ಅದಕ್ಕೇ ಈ ಕವಾಟದ ಅಂಚಿಗೆ ಒಂದು ಮೆತ್ತನೆಯ ಲೇಪ ಹಚ್ಚಿದ್ದರು. ಬೂಷ್ಟಿನ ಮೈಯಲ್ಲಿರುವ ಒಂದು ಬಗೆಯ ಸಕ್ಕರೆ ತಾಗಿದರೆ ಲೇಪ ಉಬ್ಬುತ್ತದೆ, ಎಸಳು ಮುಚ್ಚುವ ಸದ್ದು ಮಂದವಾಗುತ್ತದೆ. ಅದನ್ನು ಕೊರಳ ಯಂತ್ರ ಕೇಳಿ ಕಿವಿಕೋಣೆಗೆ ಕಳಿಸುತ್ತದೆ. ಪ್ರತಿ ಎಸಳಿನ ಮೇಲೂ ಈರುಳ್ಳಿಯ ಒಳಪದರದಂಥ ತೆಳುಪೊರೆ ಎರಡು ಸುತ್ತು ಇತ್ತು. ಬೂಷ್ಟು ಕೂತರೆ ಅದರ ಮೇಲೇ ಕೂರಬೇಕು. ಔಷಧ ಬಿಟ್ಟು ಮೇಲಿನ ಪೊರೆಯ ಅಂಟನ್ನು ಸಡಿಲಿಸಿದರೆ ಬೂಷ್ಟಿನ ಸಮೇತ ಕಳಚಿಕೊಳ್ಳುತ್ತದೆ. ಮುಂದೆ ಒಡ್ಡಿದ ಬಲೆ ಅದನ್ನು ಹಿಡಿದು ಈಚೆ ತರುತ್ತದೆ. ಎದೆಯನ್ನು ಇನ್ನೊಮ್ಮೆ ಸೀಳಬೇಕಾಗಿಲ್ಲ. ಒಂದೇ ಷರತ್ತು. ಬೂಷ್ಟು ಪೊರೆಯನ್ನು ತೂರಿ ಒಳನೇಯ್ಗೆಗೆ ಬೇರು ಇಳಿಸುವ ಮುಂಚೆ ಇದಾಗಬೇಕು. ಸದ್ದು ಮಂದವಾದ ಮೇಲೆ ಸಿಗುವುದು ಹೆಚ್ಚೆಂದರೆ ಒಂದು ವಾರ.

ಹೊಂಬಾಳಮ್ಮನ ಸದ್ದು ಮಂದವಾದದ್ದು ಒಂದು ಸೋಮವಾರ ಬೆಳಗ್ಗೆ.

ನಾಗವೇಣಿ ಹಿಂದಿನ ವಾರದ್ದನ್ನೂ ಅಂದಿನದನ್ನೂ ಒಂದಾದ ಮೇಲೊಂದು ಹಾಕಿ ಕೇಳಿದಳು. ಮೊದಲಿನದು ಹಲಗೆಯ ಮೇಲೆ ಕಾಳು ಬಿದ್ದಂತೆ, ಈಗಿನದು ಚಾಪೆಯ ಮೇಲೆ ಬಿದ್ದಂತೆ. ಕವಾಟಗಳನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಶಿವಾನಂದ ಕಡೇಮನಿಯವರು ಗದಗದ ಕಡೆಯವರು, ಅವಸರದ ಮನುಷ್ಯರಲ್ಲ. ಎರಡು ಸಲ ಕೇಳಿ, ಬೂಷ್ಟೇ, ಕರೆಸಿರಿ, ಇನ್ನೂ ಎಳೆಯದಿದೆ, ತೆಗೆದುಬಿಡೋಣ ಎಂದರು. ಅವರ ದನಿಯಲ್ಲಿ ಗಾಬರಿ ಇರಲಿಲ್ಲ. ಅಲ್ಲಿಯವರೆಗೆ ಕಿವಿಕೋಣೆ ಸಮಯಕ್ಕೆ ಹಿಡಿದ ಯಾವ ಬೂಷ್ಟೂ ಅವರ ಕೈ ತಪ್ಪಿಸಿಕೊಂಡಿರಲಿಲ್ಲ.

ನಾಗವೇಣಿ ಫೋನು ಮಾಡಿದಾಗ ಹೊಂಬಾಳಮ್ಮ ಸೊಪ್ಪು ಕೊಯ್ದು ಬಂದು ಜಗಲಿಯ ಮೇಲೆ ಕೂತಿದ್ದಳು. ಉಬ್ಬಸವಿಲ್ಲ, ಜ್ವರವಿಲ್ಲ, ಮುದ್ದೆ ಮೊದಲಿಗಿಂತ ಚೆನ್ನಾಗಿ ಇಳಿಯುತ್ತಿದೆ ಎಂದಳು. ಹುಳು ಕೊನೆಯ ಪೊರೆ ಬಿಟ್ಟು ಎದ್ದಿದ್ದವು. ಹುಳು ಪೊರೆ ಬಿಡಲು ತಲೆಯೆತ್ತಿ ಸುಮ್ಮನೆ ಕೂರುವುದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವಿಗೆ ಕೊನೆಯಿಲ್ಲ. ಆ ವಾರ ಮನೆಯವರು ತಾವು ಉಣ್ಣುವುದನ್ನು ಮರೆತು ಹುಳುವಿಗೆ ಉಣಿಸುತ್ತಾರೆ. ಗೂಡಾಗಲಿ, ಬರುತ್ತೇನೆ ಎಂದಳು ಹೊಂಬಾಳಮ್ಮ.

ಅಷ್ಟು ದಿನ ಕಾಯುವಂತಿಲ್ಲ ಎಂಬುದನ್ನು ಹೇಗೆ ಹೇಳುವುದು ಎಂದು ನಾಗವೇಣಿ ಯೋಚಿಸಿದಳು. ಅವಳು ಶಿಡ್ಲಘಟ್ಟದ ಕಡೆಯವಳು. ಮನೆಯವರದು ಗೂಡು ಬೇಯಿಸಿ ನೂಲು ಬಿಚ್ಚುವ ಕಸುಬು. ಇವರ ಮಾತಿನಲ್ಲೇ ಹೇಳಿದರೆ ಮನಸ್ಸಿಗೆ ಇಳಿದೀತು ಎನ್ನಿಸಿತು.

"ಹುಳಕ್ಕೆ ಸುಣ್ಣಕಟ್ಟು ಬರುತ್ತಲ್ಲಮ್ಮ, ಅದೇ ಥರದ್ದು. ನಿಮ್ಮ ಎದೆಯೊಳಗಿನ ಕವಾಟಕ್ಕೆ ಬಂದಿದೆ."

ಹೊಂಬಾಳಮ್ಮ ಮೆಲ್ಲಗೆ, "ಸರಿ ಕಣವ್ವ, ಗೊತ್ತಾಯ್ತು ಬುಡು," ಎಂದಳು.

ಗೊತ್ತಾಯಿತಲ್ಲ, ಇನ್ನು ಬರುತ್ತಾರೆ ಎಂದುಕೊಂಡು ನಾಗವೇಣಿ ಮರುದಿನಕ್ಕೆ ಆಸ್ಪತ್ರೆಯಲ್ಲಿ ಒಂದು ಹಾಸಿಗೆ ಕಾದಿರಿಸಿದಳು.

ಹೊಂಬಾಳಮ್ಮ ಫೋನನ್ನು ಜಗಲಿಯ ಮೇಲಿಟ್ಟು ಬಹಳ ಹೊತ್ತು ಅಂಗಳ ನೋಡುತ್ತ ಕೂತಳು. ಸುಣ್ಣಕಟ್ಟು ಅವಳಿಗೆ ಹೊಸದಲ್ಲ. ಆಡಾಡುತ್ತ ಮೇಯುತ್ತಿದ್ದ ಹುಳು ಇದ್ದಕ್ಕಿದ್ದಂತೆ ಮಂಕಾಗುತ್ತದೆ, ಸಾಯುತ್ತದೆ, ಬಳಪದ ಕಡ್ಡಿಯಂತೆ ಸೆಟೆಯುತ್ತದೆ, ಮೈತುಂಬ ಬಿಳಿ ಪುಡಿ ಹೊರಡುತ್ತದೆ. ಆ ಪುಡಿ ಹಾರಿದಲ್ಲೆಲ್ಲ ಹಬ್ಬುತ್ತದೆ. ಅದಕ್ಕೆ ಮದ್ದಿಲ್ಲ. ಬಂದದ್ದನ್ನು ಬೆಳ್ಳಗಾಗುವ ಮುಂಚೆ ಆಯ್ದು ತೆಗೆದು, ದೂರ ಒಯ್ದು, ಸುಣ್ಣ ಸುರಿದು ಹೂಳುವುದೊಂದೇ ದಾರಿ. ಉಳಿದವು ಬದುಕಲೆಂದು. ಮದುವೆಯಾಗಿ ಬಂದ ಹೊಸತರಲ್ಲಿ ಒಂದೇ ಒಂದು ಮಂಕು ಹುಳುವನ್ನು ಅಯ್ಯೋ ಪಾಪ, ನೋಡೋಣ ಎಂದು ಬಿಟ್ಟದ್ದಕ್ಕೆ ಇಡೀ ಬೆಳೆ ಹೋಗಿತ್ತು. ಅತ್ತೆ ಬೈದಿರಲಿಲ್ಲ. ಗುಂಡಿ ತೋಡಲು ಗುದ್ದಲಿಯನ್ನು ಸೊಸೆಯ ಕೈಗೇ ಕೊಟ್ಟಿದ್ದಳು.

ಅವಳಿಗೆ ಅಳು ಬರಲಿಲ್ಲ. ಎದ್ದು ತನ್ನ ಚಾಪೆ, ಒಂದು ಚೊಂಬು, ಒಂದು ತಟ್ಟೆ ಎತ್ತಿಕೊಂಡಳು. ಕೊರಳ ಯಂತ್ರವನ್ನು ಬಿಚ್ಚಿ ಹುಳುಮನೆಯ ಮೊಳೆಗೆ ಹಾಕಿದಳು. ಕೆಂಪಾಜಮ್ಮನನ್ನು ಕೂಗಿ, ಇನ್ನು ಸೊಪ್ಪು ಹಾಕುವುದು ನಿನ್ನ ಪಾಲಿಗೆ, ಹುಳು ಹರವಿದ ಅಟ್ಟಣೆಯ ಕೆಳಗಿನ ಅಂಕಣಕ್ಕೆ ಎಳೆಯ ಸೊಪ್ಪು ಹಾಕಬೇಡ ಎಂದು ಹೇಳಿದಳು. ಗಂಡ ಬೋರಲಿಂಗಯ್ಯನಿಗೆ, ಡಾಕ್ಟರು ನಾಲ್ಕು ದಿನ ಬಯಲು ಗಾಳಿಯಲ್ಲಿ ಇರಲು ಹೇಳಿದ್ದಾರೆ ಎಂದಳು. ಹಿಪ್ಪುನೇರಳೆ ತೋಟದ ಕೊನೆಯಲ್ಲಿ ಪಂಪಿನ ಮನೆಯಿತ್ತು. ಅಲ್ಲಿಗೆ ಹೋಗಿ ಚಾಪೆ ಹಾಸಿದಳು. ಊಟ ತಂದ ಗಂಡನಿಗೆ ಕಲ್ಲಿನ ಮೇಲಿಟ್ಟು ಹೋಗು ಎಂದಳು. ತಂಗಾಳಿ ಮನೆಯ ಕಡೆಗೆ ಬೀಸುವಾಗ ಎದ್ದು ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು.

ಕಿವಿಕೋಣೆಯಲ್ಲಿ ಸದ್ದು ನಿಂತದ್ದು ಮತ್ತೆ ಬರಲಿಲ್ಲ. ನಾಗವೇಣಿ ಮೊದಲು ಸೊಪ್ಪಿನ ಹೊತ್ತು ಎಂದುಕೊಂಡಳು. ಆ ಹೊತ್ತು ಕಳೆಯಿತು. ಬಸ್ಸಿನಲ್ಲಿರಬಹುದು ಎಂದುಕೊಂಡಳು. ಮಂಗಳವಾರ ಹಾಸಿಗೆ ಖಾಲಿಯೇ ಉಳಿಯಿತು. ಫೋನು ಸುಮ್ಮನೆ ಬಡಿದುಕೊಂಡಿತು. ಬುಧವಾರ ಬೋರಲಿಂಗಯ್ಯ ಎತ್ತಿದ.

ಅವನು ನೆಮ್ಮದಿಯಿಂದಲೇ ಮಾತಾಡಿದ. ನೀವು ಹೇಳಿದಂತೆಯೇ ಬಯಲಿನಲ್ಲಿದ್ದಾಳೆ, ಜ್ವರಗಿರ ಇಲ್ಲ, ಆದರೆ ಹತ್ತಿರ ಹೋದರೆ ಬೈಯುತ್ತಾಳೆ ಎಂದ. ನಾವು ಹೇಳಿದ್ದೇ ಇಲ್ಲವಲ್ಲ ಎಂದು ನಾಗವೇಣಿ ಕೇಳಿದಾಗ ಅವನು ತಡವರಿಸಿದ.

"ಹುಳಕ್ಕೆ ತಗಲ್ತದೆ ಅಂತಾಳೆ ಮೇಡಮ್ಮು. ಏನು ತಗಲ್ತದೆ ಅಂದ್ರೆ ಹೇಳಾಕಿಲ್ಲ. ನಿನ್ನೆ ಗುದ್ದಲಿ, ಒಂದು ಮಂಕ್ರಿ ಸುಣ್ಣ ತಂದು ಮಡಗು ಅಂದ್ಳು. ಮಡಗಿವ್ನಿ."

ಗುದ್ದಲಿ, ಸುಣ್ಣ ಎಂದಾಗ ನಾಗವೇಣಿಗೆ ತನ್ನ ಮಾತು ಎಲ್ಲಿಗೆ ಹೋಗಿ ಮುಟ್ಟಿದೆ ಎಂದು ಹೊಳೆಯಿತು. ನೂಲು ಬಿಚ್ಚುವವರ ಮನೆಯಲ್ಲಿ ಸುಣ್ಣಕಟ್ಟು ಎಂದರೆ ಒಳಗಿನ ಹುಳು ಒಣಗಿ ಹಗುರಾದ ಗೂಡು ಅಷ್ಟೇ. ಅದರಿಂದಲೂ ನೂಲು ಬರುತ್ತದೆ. ಅವಳ ತಂದೆ ಅಂಥ ಗೂಡನ್ನು ಅಲ್ಲಾಡಿಸಿ ಗಲಗಲ ಸದ್ದು ಕೇಳಿಸಿ ಮಕ್ಕಳನ್ನು ಆಡಿಸುತ್ತಿದ್ದ. ಹುಳು ಸಾಕುವವರ ಕಿವಿಯಲ್ಲಿ ಆ ಹೆಸರು ಹೇಗೆ ಬೀಳುತ್ತದೆ ಎಂದು ಅವಳು ಎಂದೂ ಯೋಚಿಸಿರಲಿಲ್ಲ. ಡಾಕ್ಟರ ಬಳಿ ಹೋಗಿ ನಡೆದದ್ದನ್ನು ಹೇಳಿದಳು. ಕಡೇಮನಿಯವರು ಕ್ಯಾಲೆಂಡರು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹೊತ್ತು ಇನ್ನೂ ಐತಿ. ಫೋನಿನ್ಯಾಗ ಕೆಟ್ಟದ್ದು ಫೋನಿನ್ಯಾಗ ನೆಟ್ಟಗಾಗಂಗಿಲ್ಲ. ನಡೀರಿ, ಹೋಗೂಣು."

ಆಸ್ಪತ್ರೆಯ ವ್ಯಾನು ಕೆಂಬಾರೆದೊಡ್ಡಿ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಬೋರಲಿಂಗಯ್ಯನೂ ಕೆಂಪಾಜಮ್ಮನೂ ದಾರಿ ತೋರಿಸುತ್ತ ತೋಟದ ಬದುವಿನ ಮೇಲೆ ಮುಂದೆ ನಡೆದರು. ಪಂಪಿನ ಮನೆಯ ಬಾಗಿಲಲ್ಲಿ ಕೂತಿದ್ದ ಹೊಂಬಾಳಮ್ಮ ದೂರದಿಂದಲೇ ಕೈಯೆತ್ತಿ, ಅಲ್ಲೇ ನಿಲ್ಲಿ ಎಂದಳು. ಅವಳ ಪಕ್ಕದಲ್ಲಿ ಸುಣ್ಣದ ಮಂಕರಿ ಇತ್ತು. ಗುದ್ದಲಿಯನ್ನು ಗೋಡೆಗೆ ಒರಗಿಸಿದ್ದಳು.

ನಾಲ್ವರೂ ನಿಂತರು. ನಾಗವೇಣಿ ತಾನು ಹೇಳಿದ್ದು ತಪ್ಪಾಯಿತು, ಇದಕ್ಕೆ ಮದ್ದಿದೆ, ಪೊರೆ ತೆಗೆದರೆ ಹೋಗುತ್ತದೆ ಎಂದು ವಿವರಿಸಿದಳು. ಹೊಂಬಾಳಮ್ಮ ತಾಳ್ಮೆಯಿಂದ ಕೇಳಿದಳು. ಸಂತೈಸಲು ಬಂದವರ ಮಾತನ್ನು ಕೇಳುವಂತೆ ಕೇಳಿದಳು.

"ಸುಣ್ಣಕಟ್ಟು ಬಂದ ಹುಳ ಬದುಕಿದ್ದ ನೀನು ಕಂಡಿದ್ದೀಯಾ ಮಗ?"

"ಇಲ್ಲ," ಎಂದಳು ನಾಗವೇಣಿ. "ಆದರೆ ನೀವು ಹುಳ ಅಲ್ಲಮ್ಮ."

ಕೆಂಪಾಜಮ್ಮ ಹಿಂದಿನಿಂದ, "ಹುಳಕ್ಕೆ ಇಷ್ಟೊಂದು ಹಟ ಎಲ್ಲಿರ್ತದೆ," ಎಂದು ಗೊಣಗಿದಳು.

ಕಡೇಮನಿಯವರು ಬದುವಿನ ಮೇಲೇ ಕುಕ್ಕರುಗಾಲಿನಲ್ಲಿ ಕೂತರು. ಇದು ಹುಳುವಿನ ಬೂಷ್ಟಲ್ಲ, ಹುಳುವಿನಿಂದ ಬಂದದ್ದೂ ಅಲ್ಲ, ಹುಳುವಿಗೆ ಹೋಗುವುದೂ ಇಲ್ಲ ಎಂದರು. ಮನುಷ್ಯರ ಚರ್ಮದ ಮೇಲೆ ಸದಾ ಇರುವ ಜಾತಿ. ಸುಮ್ಮನಿದ್ದರೆ ಏನೂ ಮಾಡುವುದಿಲ್ಲ. ಚಿಕಿತ್ಸೆಯ ದಿನಗಳಲ್ಲಿ ಕತ್ತಿನ ನರಕ್ಕೆ ಹಾಕಿದ್ದ ನಳಿಕೆಯ ದಾರಿ ಹಿಡಿದು ಒಳಗೆ ಇಳಿದಿರಬೇಕು.

"ಅಂದ್ರ ನಮ್ಮ ಮನಿಯಾಗ ಬಂದದ್ದು ಯವ್ವಾ, ನಿಮ್ಮ ಮನಿಯಾಗ ಅಲ್ಲ. ನಾವು ಒಳಗ ಬಿಟ್ಟದ್ದನ್ನ ನಾವು ಹೊರಗ ಹಾಕತೀವಿ. ನೀವು ಗುದ್ದಲಿ ಹಿಡಿಯೂ ಕೆಲಸ ಇಲ್ಲ."

ಹೊಂಬಾಳಮ್ಮ ಗಂಡನ ಮುಖ ನೋಡಿದಳು, ತೋಟ ನೋಡಿದಳು. ಮಾತು ನಂಬುವಂತಿತ್ತು, ಆದರೆ ಹತ್ತಿರ ಬಾ ಎನ್ನಲು ಬಾಯಿ ಬರಲಿಲ್ಲ. ಆಗ ನಾಗವೇಣಿ ಚಪ್ಪಲಿ ಬಿಟ್ಟು ನೆಟ್ಟಗೆ ನಡೆದುಹೋಗಿ ಅವಳ ಚಾಪೆಯ ಮೇಲೆ ಕೂತಳು. ಬಿಸಿಲಲ್ಲಿ ಬಂದವಳಿಗೆ ಬಾಯಾರಿತ್ತು. ಹೊಂಬಾಳಮ್ಮ ಅರ್ಧ ಕುಡಿದಿಟ್ಟಿದ್ದ ಚೊಂಬನ್ನು ಎತ್ತಿ, ತುಟಿ ತಾಗಿಸಿಯೇ ಗಟಗಟ ಕುಡಿದು ಕೆಳಗಿಟ್ಟಳು.

ಹೊಂಬಾಳಮ್ಮ ಖಾಲಿ ಚೊಂಬನ್ನೂ ಆ ಹುಡುಗಿಯ ಒದ್ದೆ ತುಟಿಯನ್ನೂ ನೋಡುತ್ತ ಕೂತಳು. ಎರಡು ದಿನದಲ್ಲಿ ಅವಳ ಬಳಿ ಕೂತ ಮೊದಲ ಮನುಷ್ಯಜೀವ ಅದು. ಸೆರಗಿನಿಂದ ಮುಖ ಒರೆಸಿಕೊಂಡಾಗ ಮಾತ್ರ ಅವಳು ಅತ್ತದ್ದು ತಿಳಿಯಿತು.

"ಹುಳ ಶನಿವಾರಕ್ಕೆ ಹಣ್ಣಾಗ್ತವೆ," ಎಂದಳು ಕೊನೆಗೆ. "ಆಯ್ದು ಚಂದ್ರಂಕಿಗೆ ಬುಡೋರು ಯಾರು?"

ಮೇವು ಬಿಟ್ಟು ಹಣ್ಣಾದ ಹುಳುವನ್ನು ಹೊತ್ತು ಮೀರದಂತೆ ಆಯ್ದು ಬಿದಿರಿನ ಚಂದ್ರಂಕಿಗೆ ಬಿಡಬೇಕು, ಅಲ್ಲಿ ಅವು ಗೂಡು ಕಟ್ಟುತ್ತವೆ. ಅದಕ್ಕೆ ಒಂದೇ ದಿನ ಹತ್ತು ಕೈ ಬೇಕು. ಕೆಂಪಾಜಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು, ಊರಿನಲ್ಲಿ ನೀನು ಮುಯ್ಯಾಳಾಗಿ ದುಡಿದುಕೊಟ್ಟು ಬರದ ಮನೆ ಯಾವುದಿದೆ, ಅವರೆಲ್ಲ ಸತ್ತರೇ, ನಾನು ಸತ್ತೆನೇ ಎಂದು ಕೇಳಿದಳು. ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡವಳೂ ಅವಳೇ. ಬೋರಲಿಂಗಯ್ಯ ಗುದ್ದಲಿಯನ್ನು ಹೆಗಲಿಗೇರಿಸಿ ಮುಂದೆ ನಡೆದ.

ಮರುದಿನ ಬೆಳಗ್ಗೆಯೇ ಚಿಕಿತ್ಸೆ. ಅವಳು ಎಚ್ಚರವಾಗಿಯೇ ಇರಬೇಕು, ಮಿಸುಕಬಾರದು ಎಂದರು. ತೊಡೆಯ ಸಂದಿನಿಂದ ರಕ್ತನಾಳದೊಳಕ್ಕೆ ಸಣ್ಣ ನಳಿಕೆ ಹಾಯಿಸಿ, ಕವಾಟದ ಮುಂದೆ ಬಲೆಯನ್ನು ಕೊಡೆಯಂತೆ ಬಿಚ್ಚುತ್ತಾರೆ, ಆಮೇಲೆ ಪೊರೆ ಬಿಡಿಸುವ ಔಷಧ ಬಿಡುತ್ತಾರೆ ಎಂದು ಕಡೇಮನಿಯವರು ತಮ್ಮ ಅಂಗೈಯನ್ನೇ ಎಸಳು ಮಾಡಿ ತೋರಿಸಿದರು. ಹೊಂಬಾಳಮ್ಮ ಕೇಳಿಸಿಕೊಂಡು, "ಅಂದ್ರೆ ನನ್ನೂ ಜ್ವರಕ್ಕೆ ಕೂರುಸ್ತೀರಿ ಅನ್ನಿ," ಎಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ನಾಗವೇಣಿ ನಕ್ಕಳು. ಜ್ವರಕ್ಕೆ ಕೂತ ಹುಳುವನ್ನು ಯಾರೂ ಮುಟ್ಟುವುದಿಲ್ಲ, ಸೊಪ್ಪು ಹಾಕುವುದಿಲ್ಲ, ಅಂಕಣವನ್ನು ಅಲುಗಿಸುವುದಿಲ್ಲ. ಆ ಸ್ತಬ್ಧತೆಯನ್ನು ಜೀವನವೆಲ್ಲ ಕಂಡವಳಿಗೆ ಮಿಸುಕದಿರುವುದನ್ನು ಹೇಳಿಕೊಡಬೇಕಾಗಲಿಲ್ಲ.

ಯಂತ್ರ ಮತ್ತೆ ಹೊಂಬಾಳಮ್ಮನ ಕೊರಳಿಗೆ ಬಂದಿತ್ತು; ಕಿವಿಕೋಣೆಯಲ್ಲಿ ನಾಗವೇಣಿ ಕಿವಿಗೆ ಕೊಳವೆ ಹಾಕಿಕೊಂಡು ಕೂತಳು. ಕೆಳಗಿನ ಕೋಣೆಯಿಂದ ಕಡೇಮನಿಯವರ ದನಿ ಆಗಾಗ ಬರುತ್ತಿತ್ತು. ಬಲೆ ಬಿಚ್ಚಿತು. ಔಷಧ ಹೋಯಿತು. ಸದ್ದು ಅದೇ, ಚಾಪೆಯ ಮೇಲೆ ಕಾಳು ಬಿದ್ದ ಸದ್ದು. ಅದು ಹಾಗೇ ಮುಂದುವರಿಯಿತು. ಬೇರು ಒಳಗೆ ಇಳಿದಿದ್ದರೆ ಪೊರೆ ಬಿಡುವುದಿಲ್ಲ, ಆಗ ಎದೆಯನ್ನೇ ಮತ್ತೆ ತೆರೆಯಬೇಕು, ಆ ದಾರಿ ಹಿಡಿದವರಲ್ಲಿ ಮರಳಿದವರು ಕೆಲವರೇ. ಎರಡು ದಿನ ಕಳೆದದ್ದು ತನ್ನ ಮಾತಿನಿಂದ ಎಂಬುದನ್ನು ನಾಗವೇಣಿ ಆ ಹೊತ್ತಿನಲ್ಲಿ ಮರೆಯಲಾರದೆ ಹೋದಳು. ಕಣ್ಣು ಮುಚ್ಚಿ ಕಿವಿಯನ್ನಷ್ಟೇ ತೆರೆದುಕೊಂಡಳು.

ಮೊದಲು ಒಂದು ಸರಸರ ಕೇಳಿತು. ಒಣಗಿದ ಎಲೆಯನ್ನು ಎಳೆದಂತೆ. ಒಂದು ಬಡಿತ ಅರ್ಧಕ್ಕೇ ಮುರಿಯಿತು. ಆಮೇಲೆ ಹಲಗೆಯ ಮೇಲೆ ಕಾಳು ಬಿತ್ತು, ಇನ್ನೊಂದು ಬಿತ್ತು, ಒಂದರ ಹಿಂದೊಂದು ಬೀಳುತ್ತಲೇ ಹೋಯಿತು.

"ಬಿಟ್ಟಿತು ಸಾರ್," ಎಂದಳು ಮೈಕಿನಲ್ಲಿ.

"ಬಲ್ಯಾಗ ಬಂತು," ಎಂದರು ಕಡೇಮನಿಯವರು ಕೆಳಗಿನಿಂದ.

ಸಂಜೆ ಹೊಂಬಾಳಮ್ಮ ಅದನ್ನು ನೋಡಬೇಕೆಂದಳು. ಗಾಜಿನ ಸೀಸೆಯಲ್ಲಿ ತಂದು ತೋರಿಸಿದರು. ಉಗುರಿನಷ್ಟಗಲದ ಮೂರು ತೆಳು ಪೊರೆ, ಒಂದರ ಅಂಚಿಗೆ ಹತ್ತಿಯ ಚೂರಿನಂಥದು ಅಂಟಿತ್ತು. ಇನ್ನು ಕೆಲವು ತಿಂಗಳು ಬೂಷ್ಟು ಕೊಲ್ಲುವ ಗುಳಿಗೆ ನುಂಗಬೇಕು, ಎಸಳುಗಳ ಮೇಲೆ ಇನ್ನೂ ಒಂದು ಸುತ್ತು ಪೊರೆ ಉಳಿದಿದೆ, ಆದರೆ ಬಹುಶಃ ಅದರ ಕೆಲಸ ಬೀಳುವುದಿಲ್ಲ ಎಂದರು. ಅವಳು ಸೀಸೆಯನ್ನು ಬೆಳಕಿಗೆ ಹಿಡಿದು ಎಲ್ಲ ಕಡೆಯಿಂದ ಪರೀಕ್ಷಿಸಿದಳು. ಕೇಳಿದ್ದು ಒಂದೇ ಮಾತು.

"ಇದನ್ನ ಎಲ್ಲಿಗೆ ಹಾಕ್ತೀರಿ?"

ಪರೀಕ್ಷೆ ಮುಗಿದ ಮೇಲೆ ಕುಲುಮೆಯಲ್ಲಿ ಸುಡುತ್ತೇವೆ ಎಂದರು. ಅವಳು ತಲೆದೂಗಿದಳು. ಬಯಲಿಗೆ ಎಸೆಯಬೇಡಿ ಮತ್ತೆ ಎಂದು ಎಚ್ಚರಿಸಿ ಸೀಸೆಯನ್ನು ಕೊಟ್ಟಳು.

ಶನಿವಾರ ಹುಳು ಹಣ್ಣಾದವು. ಮುಯ್ಯಾಳುಗಳು ಬೆಳಗಿನಿಂದ ಆಯ್ದು ಚಂದ್ರಂಕಿ ತುಂಬಿದರು. ಗೂಡು ಗಟ್ಟಿಯಾಗಿ ಬಂದಿದೆ ಎಂಬ ಸುದ್ದಿಯನ್ನು ಕೆಂಪಾಜಮ್ಮ ಫೋನಿನಲ್ಲಿ ಹೇಳಿ, ಕೆಳಗಿನ ಅಂಕಣಕ್ಕೆ ಎಳೆಯ ಸೊಪ್ಪನ್ನೇ ಹಾಕಿದ್ದೆ, ಏನೂ ಆಗಲಿಲ್ಲ ಎಂದೂ ಸೇರಿಸಿದಳು.

ಹೊಂಬಾಳಮ್ಮ ಊರಿಗೆ ಮರಳಿದ್ದಳು. ಮುಂದಿನ ಬೆಳೆಯ ಹುಳು ಕೊನೆಯ ಜ್ವರದಿಂದ ಎದ್ದಿದ್ದ ದಿನಗಳು. ಕಿವಿಕೋಣೆಯಲ್ಲಿ ನಾಗವೇಣಿಯ ಪಕ್ಕದ ಹುಡುಗಿ ಕಂಪ್ಯೂಟರು ಕೆಂಪು ಗೆರೆ ಹಾಕಿದ ಒಂದು ಸದ್ದನ್ನು ದಾಟಿಸಿದಳು. ಕೆಂಬಾರೆದೊಡ್ಡಿಯದು. ಕವಾಟ ಸ್ವಚ್ಛವಾಗಿ ಬಡಿಯುತ್ತಿದೆ, ಆದರೆ ಅದರ ಹಿಂದೆ ಏನೋ ಗದ್ದಲವಿದೆ, ಯಂತ್ರ ಕೆಟ್ಟಿರಬೇಕು, ಇಲ್ಲವೇ ಅಲ್ಲಿ ಮಳೆ ಬರುತ್ತಿರಬೇಕು ಎಂದಳು. ನಾಗವೇಣಿ ಗಡಿಯಾರ ನೋಡಿದಳು. ಸೊಪ್ಪು ಹಾಕುವ ಹೊತ್ತು. ಸದ್ದು ನಿಂತಿರಬೇಕಾದ ಹೊತ್ತು.

ಸದ್ದನ್ನು ಹಿಂದಕ್ಕೆ ತಿರುಗಿಸಿ, ಕೊಳವೆಯನ್ನು ಕಿವಿಗೆ ಒತ್ತಿಕೊಂಡಳು. ಮೊದಲು ನೀರು ತುಳುಕಿದ ಸದ್ದು, ತೊಟ್ಟಿಯಲ್ಲಿ ಪಾದ ಅದ್ದಿದ್ದು. ಆಮೇಲೆ ಬಟ್ಟೆಯಿಂದ ಏನನ್ನೋ ತಿಕ್ಕಿ ತಿಕ್ಕಿ ಒರೆಸಿದ ಸದ್ದು, ಬಹಳ ಹೊತ್ತು, ಕಿವಿ ಗುಂಯ್ಯೆನ್ನುವಷ್ಟು. ಸುಣ್ಣದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಹೊಂಬಾಳಮ್ಮ ಯಂತ್ರವನ್ನೇ ಮಡಿ ಮಾಡುತ್ತಿದ್ದಳು. ಬಾಗಿಲು ಕಿರುಗುಟ್ಟಿತು. ಮತ್ತೆ ಆ ಮಳೆ, ಸಾವಿರಾರು ಬಾಯಿಗಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು. ಅದರ ನಡುವೆ, ಅವಸರವಿಲ್ಲದೆ, ಹಲಗೆಯ ಮೇಲೆ ಒಂದೊಂದೇ ಕಾಳು.

"ಯಂತ್ರ ಕೆಟ್ಟಿಲ್ಲ," ಎಂದಳು ನಾಗವೇಣಿ. "ಒಳಗೆ ಬಂದಿದೆ."